ಗೋಡೆಯೊಳಗಿನ ಕೆಲಸಕ್ಕೆ ಐದು ಸ್ಟಾರ್: ಎಲೆಕ್ಟ್ರಿಷಿಯನ್, ಪ್ಲಂಬರ್ ಕೆಲಸ ಕಲಿಯುತ್ತಿರುವವರಿಗೆ ರಿವ್ಯೂ ಕುರಿತ ಟಿಪ್ಪಣಿ

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ, ಪ್ಲಂಬರ್ ಟ್ರೇಡ್ ಒಂದು ವರ್ಷ. ಅಷ್ಟರಲ್ಲಿ ವೈರಿಂಗ್, ಅರ್ಥಿಂಗ್, ಪೈಪ್ ಜೋಡಣೆ ಎಲ್ಲ ಕೈಗೆ ಬರುತ್ತದೆ. ಸ್ವಂತ ಕೆಲಸ ಹಿಡಿಯುವುದರ ಬಗ್ಗೆ ಉದ್ಯೋಗ ಕೌಶಲದ ಪಠ್ಯದಲ್ಲಿ ಒಂದಿಷ್ಟು ಇದೆ. ಆದರೆ ಹೊಸ ಬಡಾವಣೆಗೆ ಬಂದ ಮನೆಯವರು ಮೊಬೈಲ್ ತೆಗೆದು ಗೂಗಲ್ ಮ್ಯಾಪ್‌ನಲ್ಲಿ ಪ್ಲಂಬರ್ ಹುಡುಕಿದಾಗ ನಮ್ಮ ಹೆಸರಿನ ಕೆಳಗೆ ಏನು ಕಾಣಿಸಬೇಕು, ಅದು ಅಲ್ಲಿಗೆ ಹೇಗೆ ಬರಬೇಕು ಎಂಬುದನ್ನು ನಾವೇ ಕೂತು ಯೋಚಿಸಬೇಕು. ಅದಕ್ಕಾಗಿ ಈ ಟಿಪ್ಪಣಿ.

ಗ್ರಾಹಕ ಯಾವುದಕ್ಕೆ ಅಂಕ ಕೊಡುತ್ತಾನೆ?

ಇದಕ್ಕೆ ಉತ್ತರ ಅರ್ಥಶಾಸ್ತ್ರದಲ್ಲಿದೆ. 1970ರಲ್ಲಿ ಫಿಲಿಪ್ ನೆಲ್ಸನ್ ಎಂಬ ಅರ್ಥಶಾಸ್ತ್ರಜ್ಞ ನಾವು ಕೊಳ್ಳುವುದನ್ನೆಲ್ಲ ಎರಡು ಬಗೆಯಾಗಿ ವಿಂಗಡಿಸಿದ. ಕೊಳ್ಳುವ ಮೊದಲೇ ನೋಡಿ ತಿಳಿಯಬಹುದಾದದ್ದು ಒಂದು ಬಗೆ, ಸೀರೆಯ ಬಣ್ಣದಂತೆ. ಬಳಸಿದ ಮೇಲಷ್ಟೇ ತಿಳಿಯುವುದು ಇನ್ನೊಂದು, ಹೋಟೆಲಿನ ಸಾಂಬಾರಿನಂತೆ. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಮೂರನೆಯ ಬಗೆಯೊಂದನ್ನು ಸೇರಿಸಿದರು: ಬಳಸಿದ ಮೇಲೂ ಗುಣಮಟ್ಟ ಏನೆಂದು ಕೊಂಡವನಿಗೆ ತಿಳಿಯದು, ನಂಬಿಕೆಯ ಮೇಲೆಯೇ ನಡೆಯಬೇಕು. ರಿಪೇರಿ ಕೆಲಸವೆಲ್ಲ ಬಹುಮಟ್ಟಿಗೆ ಈ ಮೂರನೆಯ ಬಗೆಗೆ ಸೇರುತ್ತದೆ.

ನಮ್ಮ ಕೆಲಸವನ್ನೇ ನೋಡಿ. ಕನ್ಸೀಲ್ಡ್ ಪೈಪಿನ ಜಾಯಿಂಟಿಗೆ ಸೊಲ್ಯೂಷನ್ ಸರಿಯಾಗಿ ಹಚ್ಚಿದ್ದೇವೆಯೇ, ಅರ್ಥ್ ವೈರನ್ನು ಕೊನೆಯ ಪ್ಲಗ್ಗಿನವರೆಗೆ ಒಯ್ದಿದ್ದೇವೆಯೇ ಎಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ. ಗಾರೆ ಮೆತ್ತಿದ ಮೇಲೆ ನಮಗೂ ಕಾಣುವುದಿಲ್ಲ. ಆದರೂ ಸಂಜೆ ಅವರು ಸ್ಟಾರ್ ಕೊಡುತ್ತಾರೆ. ಯಾವುದಕ್ಕೆ? ಹೇಳಿದ ಹೊತ್ತಿಗೆ ಬಂದೆವೋ ಇಲ್ಲವೋ, ಅಡುಗೆಮನೆಯಲ್ಲಿ ಧೂಳು ಬಿಟ್ಟು ಹೋದೆವೋ, ಹೇಳಿದ್ದಕ್ಕಿಂತ ಹೆಚ್ಚು ಹಣ ಕೇಳಿದೆವೋ, ಮನೆಯ ಹಿರಿಯರು ಕೇಳಿದ ಪ್ರಶ್ನೆಗೆ ನಿಂತು ಉತ್ತರಿಸಿದೆವೋ ಅದಕ್ಕೆ. ಒಳ್ಳೆಯ ಕೆಲಸಗಾರರು ಇಲ್ಲಿಯೇ ಸೋಲುತ್ತಾರೆ. ಕೆಲಸ ಅಚ್ಚುಕಟ್ಟು, ಸ್ಟಾರ್ ಮೂರು. 'ನನ್ನ ಕೈಕೆಲಸವೇ ಮಾತಾಡುತ್ತದೆ' ಎಂಬ ಹೆಮ್ಮೆ ಬಡಗಿಗೆ ಒಪ್ಪುತ್ತದೆ, ಅವನು ಮಾಡಿದ ಬಾಗಿಲು ಕಣ್ಣೆದುರೇ ನಿಂತಿರುತ್ತದೆ. ಗೋಡೆಯೊಳಗಿನ ಪೈಪು ಹಾಗೆ ಮಾತಾಡುವುದಿಲ್ಲ.

ಹಾಗಾಗಿ ಕಾಣದ್ದನ್ನು ಕಾಣಿಸಿ

ಈ ಟಿಪ್ಪಣಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಭಾಗ ಇದು. ರಿವ್ಯೂ ಕೇಳುವ ಜಾಣತನದ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಬರೆಯಲು ಗ್ರಾಹಕರಿಗೆ ಏನಾದರೂ ಸಿಗುವಂತೆ ಮಾಡುವ ಬಗ್ಗೆ ಹೇಳುವವರು ಕಡಿಮೆ.

ಪೈಪ್ ಲೈನ್ ಎಳೆದಿದ್ದರೆ ಗಾರೆಯವರು ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಪೈಪಿನ ಪಕ್ಕ ಅಳತೆ ಟೇಪು ಹಿಡಿದಿರಲಿ, ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಎಂಬುದು ಫೋಟೋದಲ್ಲೇ ತಿಳಿಯಬೇಕು. ಅವನ್ನು ಮನೆಯವರ ವಾಟ್ಸಾಪ್‌ಗೆ ಕಳುಹಿಸಿ. ಮುಂದೆ ಕನ್ನಡಿ ನೇತುಹಾಕಲು ಡ್ರಿಲ್ ಮಾಡುವಾಗ ಪೈಪಿಗೆ ತೂತು ಬೀಳದಿರಲು ಅದೇ ಫೋಟೋ ನೆರವಾಗುತ್ತದೆ, ಆ ದಿನ ನಿಮ್ಮ ಹೆಸರು ನೆನಪಾಗುತ್ತದೆ. ಪ್ರೆಷರ್ ಟೆಸ್ಟ್ ಮಾಡಿದ್ದರೆ ಸಂಜೆ ಗೇಜ್ ಎಷ್ಟು ತೋರಿಸುತ್ತಿತ್ತು, ಬೆಳಿಗ್ಗೆ ಎಷ್ಟು ತೋರಿಸುತ್ತಿದೆ, ಎರಡು ಫೋಟೋ ಸಾಕು. ಮುಳ್ಳು ಅಲ್ಲೇ ಇದ್ದರೆ ಸೋರಿಕೆ ಇಲ್ಲ ಎಂಬುದು ಮಕ್ಕಳಿಗೂ ಅರ್ಥವಾಗುತ್ತದೆ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿದ್ದೀರಾ? ಮನೆಯವರನ್ನು ಬೋರ್ಡಿನ ಮುಂದೆ ಕರೆದು, ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಅವರ ಕೈಯಿಂದಲೇ ಒತ್ತಿಸಿ. ಟಕ್ ಎಂದು ಕರೆಂಟ್ ಹೋಗುತ್ತದೆ. 30 ಮಿಲಿಆಂಪಿಯರ್‌ನಷ್ಟು ಕರೆಂಟ್ ಭೂಮಿಗೆ ಸೋರಿದರೂ ಇದು ಹೀಗೆಯೇ ಬೀಳುತ್ತದೆ, ಜೀವ ಉಳಿಸುವುದು ಇದೇ ಎಂದು ಎರಡು ಮಾತು ಹೇಳಿ. ಒತ್ತಿಸುವ ಮೊದಲು ಯಾರಾದರೂ ಕಂಪ್ಯೂಟರ್ ಮುಂದೆ ಕುಳಿತಿದ್ದಾರೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಅದಕ್ಕೂ ಒಂದು ರಿವ್ಯೂ ಬರುತ್ತದೆ.

ಚಿಕ್ಕ ಕೆಲಸಕ್ಕೂ ಇದೇ ದಾರಿ. ಫ್ಯಾನು ನಿಧಾನವಾಗಿ ತಿರುಗುತ್ತಿದೆ ಎಂದು ಕರೆದರು, ನೀವು 2.5 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಬದಲಿಸಿದಿರಿ. ಹಳೆಯದನ್ನು ಜೇಬಿಗೆ ಹಾಕಿಕೊಳ್ಳದೆ ಅವರ ಕೈಗೆ ಕೊಡಿ. ನಲ್ಲಿಯ ಸವೆದ ವಾಷರ್ ಕೂಡ ಹಾಗೆಯೇ. ಬದಲಿಸಿದ್ದು ನಿಜ ಎಂಬುದಕ್ಕೆ ಅದೇ ಸಾಕ್ಷಿ.

ಹಣದ ವಿಷಯದಲ್ಲಿ ಒಂದೇ ನಿಯಮ: ಸಾಮಾನು ಬೇರೆ, ಕೂಲಿ ಬೇರೆ, ಎರಡನ್ನೂ ಮೊದಲೇ ಬರೆದು ಕಳುಹಿಸಬೇಕು. ಗೋಡೆ ಒಡೆದ ಮೇಲೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಪೂರ್ತಿ ತುಕ್ಕು ಹಿಡಿದಿರುವುದು ಕಂಡರೆ ಕೆಲಸ ನಿಲ್ಲಿಸಿ, ಕರೆದು ತೋರಿಸಿ, ಹೊಸ ಮೊತ್ತ ಹೇಳಿ, ಒಪ್ಪಿದ ಮೇಲೆ ಮುಂದುವರಿಯಿರಿ. ಕೆಲಸ ಮುಗಿಸಿ ಹೆಚ್ಚುವರಿ ಹಣ ಕೇಳಿದರೆ ನಿಮ್ಮ ಕಾರಣ ನಿಜವೇ ಆದರೂ ಯಾರೂ ನಂಬುವುದಿಲ್ಲ. ಇನ್ನು ಸಮಯದ ಮಾತು. 'ದಾರಿಯಲ್ಲಿದ್ದೇನೆ' ಎಂದು ಫೋನಿನಲ್ಲಿ ಹೇಳುವಾಗ ನಾವು ಬೇರೆ ಯಾರದೋ ಮನೆಯ ಟ್ಯಾಂಕಿನ ಮೇಲೆ ನಿಂತಿರುತ್ತೇವೆ ಎಂಬುದು ಈಗ ಗ್ರಾಹಕರಿಗೂ ಗೊತ್ತು. ಒಂದು ಗಂಟೆ ತಡವಾಗುತ್ತದೆ ಎಂದು ಮೊದಲೇ ಹೇಳುವವರು ಎಷ್ಟು ಅಪರೂಪವೆಂದರೆ, ಅದನ್ನೇ ಹೊಗಳಿ ಬರೆಯುವ ಗ್ರಾಹಕರಿದ್ದಾರೆ.

ಕೊನೆಯ ಕಾಲು ಗಂಟೆ

1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಒಂದು ವಿಚಿತ್ರ ಪ್ರಯೋಗ ಮಾಡಿದರು. ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಮ್ಮೆ ಅದೇ 60 ಸೆಕೆಂಡ್, ಆಮೇಲೆ ಇನ್ನೂ 30 ಸೆಕೆಂಡ್, ಆದರೆ ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸುತ್ತಾರೆ. ಎರಡರಲ್ಲಿ ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಕಷ್ಟ ಹೆಚ್ಚು ಹೊತ್ತಿನದಾಗಿತ್ತು, ಆದರೆ ಕೊನೆ ತುಸು ಹಿತವಾಗಿತ್ತು. ನೆನಪಿನಲ್ಲಿ ಉಳಿಯುವುದು ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ.

ಕಟಿಂಗ್ ಮೆಷಿನ್ನಿನ ಸದ್ದು, ಮಧ್ಯಾಹ್ನವೆಲ್ಲ ನೀರಿಲ್ಲದ ಮನೆ, ಇವುಗಳಿಂದ ತಪ್ಪಿಸಿಕೊಳ್ಳಲಾಗದು. ಕೊನೆಯ ಕಾಲು ಗಂಟೆ ಮಾತ್ರ ನಮ್ಮ ಕೈಯಲ್ಲಿದೆ. ಗುಡಿಸಿ ಒರೆಸಿ, ತುಂಡು ಪೈಪು ಮತ್ತು ವೈರಿನ ಸಿಪ್ಪೆಯನ್ನು ಚೀಲಕ್ಕೆ ತುಂಬಿ, ಎಲ್ಲ ನಲ್ಲಿ, ಎಲ್ಲ ಸ್ವಿಚ್ಚು ಅವರೆದುರೇ ಹಾಕಿ ತೋರಿಸಿ. ಸಂಜೆ ಇನ್ನೊಂದು ಮನೆಗೆ ಓಡುವ ಅವಸರದಲ್ಲಿ ನಾವು ಕತ್ತರಿಸಿ ಹಾಕುವುದು ಸರಿಯಾಗಿ ಈ ಭಾಗವನ್ನೇ.

ಕೇಳುವುದು ಹೇಗೆ?

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಹೆಸರು, ಫೋನ್, ರಿವ್ಯೂ ಕಾಣಿಸುವ ಪುಟ ಇರಬೇಕು. ಇದು ಉಚಿತ. ಹಣ ಕೊಟ್ಟರೆ ಪಟ್ಟಿಯಲ್ಲಿ ಸೇರಿಸುತ್ತೇವೆ ಎಂದು ಫೋನ್ ಮಾಡುವವರನ್ನು ನಂಬಬೇಡಿ. ಅಂಗಡಿ ಇಲ್ಲದೆ ಮನೆಯಿಂದಲೇ ಹೋಗಿ ಬರುವವರು ವಿಳಾಸವನ್ನು ಮರೆಮಾಡಿ, ಸೇವೆ ಕೊಡುವ ಪ್ರದೇಶಗಳನ್ನಷ್ಟೇ ತೋರಿಸಬಹುದು. ಹುಡುಕಿದಾಗ ಯಾರ ಹೆಸರು ಮೇಲೆ ಬರಬೇಕು ಎಂಬುದನ್ನು ಗೂಗಲ್ ಮೂರು ಅಂಶಗಳಿಂದ ನಿರ್ಧರಿಸುತ್ತದೆ: ಹುಡುಕಿದ್ದಕ್ಕೆ ನಾವು ಎಷ್ಟು ಹೊಂದುತ್ತೇವೆ, ಎಷ್ಟು ದೂರದಲ್ಲಿದ್ದೇವೆ, ಎಷ್ಟು ಹೆಸರು ಮಾಡಿದ್ದೇವೆ. ರಿವ್ಯೂಗಳ ಸಂಖ್ಯೆ ಮತ್ತು ಸರಾಸರಿ ಈ ಮೂರನೆಯದಕ್ಕೆ ಸೇರುತ್ತವೆ.

ರಿವ್ಯೂ ಬರೆಯುವ ಪುಟದ ಲಿಂಕ್ ಮತ್ತು ಕ್ಯೂಆರ್ ಕೋಡ್ ಪ್ರೊಫೈಲಿನಲ್ಲೇ ಸಿಗುತ್ತವೆ. ಲಿಂಕ್ ಇಲ್ಲದೆ 'ಗೂಗಲ್‌ನಲ್ಲಿ ಒಂದು ರಿವ್ಯೂ ಹಾಕಿ ಸರ್' ಎಂದರೆ ಆಗಲಿ ಎನ್ನುತ್ತಾರೆ, ಮರೆಯುತ್ತಾರೆ. ಕೆಲಸ ಮುಗಿದ ದಿನವೇ ಫೋಟೋಗಳ ಜೊತೆ ಹೀಗೊಂದು ಸಂದೇಶ ಹೋಗಲಿ:

'ನಮಸ್ಕಾರ ಮೇಡಂ. ನಿಮ್ಮ ಮನೆಯ ಸಂಪಿನ ಮೋಟಾರ್ ಲೈನ್ ಕೆಲಸ ಇಂದು ಮುಗಿಯಿತು, ಫೋಟೋಗಳನ್ನು ಕಳುಹಿಸಿದ್ದೇನೆ. ಏನಾದರೂ ತೊಂದರೆ ಕಂಡರೆ ನೇರವಾಗಿ ಫೋನ್ ಮಾಡಿ. ಕೆಲಸ ಹೇಗಾಯಿತು ಎಂಬುದನ್ನು ಈ ಲಿಂಕಿನಲ್ಲಿ ನಾಲ್ಕು ಸಾಲು ಬರೆದರೆ ಉಪಕಾರವಾಗುತ್ತದೆ. ಕನ್ನಡದಲ್ಲೇ ಬರೆಯಬಹುದು.'

ಕೊನೆಯ ವಾಕ್ಯವನ್ನು ಬಿಡಬೇಡಿ. ಇಂಗ್ಲಿಷಿನಲ್ಲಿ ಬರೆಯಬೇಕೇನೋ ಎಂದು ಸುಮ್ಮನಾಗುವವರು ಬಹಳ. ಹಿರಿಯರಿಗೆ ಮೊಬೈಲಿನಲ್ಲಿ ಕನ್ನಡದಲ್ಲಿ ಮಾತಾಡಿಯೇ ಬರೆಸಬಹುದು ಎಂದು ಹೇಳಿಕೊಡಿ, ಆದರೆ ಅವರ ಫೋನು ತೆಗೆದುಕೊಂಡು ನೀವೇ ಸ್ಟಾರ್ ಒತ್ತಬೇಡಿ. ಇನ್ನೊಂದು ಸೂಕ್ಷ್ಮವಿದೆ. ಹಣ ಕೊಡುವವರು ಮನೆಯ ಯಜಮಾನರಾದರೂ ದಿನವಿಡೀ ಕೆಲಸ ನೋಡಿದವರು ಬೇರೆ ಇರುತ್ತಾರೆ, ಬಹಳ ಸಲ ಮನೆಯ ಹೆಂಗಸರು. ಸಂದೇಶ ಹೋಗಬೇಕಾದದ್ದು ಕೆಲಸ ಕಂಡವರಿಗೆ. ಉತ್ತರ ಬರದಿದ್ದರೆ ಕೆಲವು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟಕ್ಕೆ ಬಿಡಿ.

ಎಲ್ಲಿ ಗೆರೆ?

ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು ಜಾಣತನದಂತೆ ಕಾಣುತ್ತದೆ, ಆದರೆ ಗೂಗಲ್‌ನ ನಿಯಮ ಅದನ್ನು ನಿಷೇಧಿಸುತ್ತದೆ. ರಿವ್ಯೂಗೆ ಬದಲಾಗಿ ಹಣ, ರಿಯಾಯಿತಿ, ಉಚಿತ ಸರ್ವಿಸ್ ಕೊಡುವಂತಿಲ್ಲ. ಕೆಟ್ಟ ರಿವ್ಯೂ ತೆಗೆಸಲು ಕೂಡ ಕೊಡುವಂತಿಲ್ಲ. ಸಿಕ್ಕಿಬಿದ್ದರೆ ಪ್ರೊಫೈಲಿಗೆ ಹೊಸ ರಿವ್ಯೂ ಬರುವುದನ್ನು ಕೆಲಕಾಲ ತಡೆಯಬಹುದು, ಇರುವವನ್ನು ಮರೆಮಾಡಬಹುದು, ನಕಲಿ ರಿವ್ಯೂ ತೆಗೆದುಹಾಕಲಾಗಿದೆ ಎಂಬ ಎಚ್ಚರಿಕೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬಹುದು. ಆ ಎಚ್ಚರಿಕೆಯ ಮುಂದೆ ಒಂದು ಸ್ಟಾರೇ ವಾಸಿ.

ನಮ್ಮ ದೇಶದ ಕಾನೂನೂ ಇದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್ ಮಾರುಕಟ್ಟೆಯ ಮೂಲಕ ಸೇವೆ ಕೊಡುವವರು ತಾವೇ ಗ್ರಾಹಕರಂತೆ ನಟಿಸಿ ರಿವ್ಯೂ ಹಾಕುವಂತಿಲ್ಲ. ರಿವ್ಯೂ ಪ್ರಕಟಿಸುವ ಸಂಸ್ಥೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ, ಅದು ಸ್ವಯಂಪ್ರೇರಿತ. ಅಣ್ಣ, ಭಾವ, ಗೆಳೆಯರಿಂದ ಸ್ಟಾರ್ ಹಾಕಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದು ತಪ್ಪೆಂದೇ ಅನಿಸುವುದಿಲ್ಲ. ಅವರ ಮನೆಯಲ್ಲಿ ಕೆಲಸ ಮಾಡದೆ ಹಾಕಿಸಿದರೆ ಅದು ನಕಲಿಯೇ.

ಒಂದು ಸ್ಟಾರ್ ಬಂದಾಗ

ಲೆಕ್ಕ ಮೊದಲು. ನಾಲ್ಕು ಜನ ಐದೈದು ಸ್ಟಾರ್ ಕೊಟ್ಟಿದ್ದಾರೆ, ಐದನೆಯವರು ಒಂದು ಕೊಟ್ಟರು. ಸರಾಸರಿ 4.2ಕ್ಕೆ ಬಿತ್ತು. ಆ ಒಂದು ಸ್ಟಾರ್ ಇಟ್ಟುಕೊಂಡೇ 4.8 ಮುಟ್ಟಲು ಒಟ್ಟು 19 ಐದು ಸ್ಟಾರ್ ಬೇಕು. 4.9 ಬೇಕೆಂದರೆ 39. ರಿವ್ಯೂ ಕಡಿಮೆ ಇರುವವರನ್ನೇ ಒಂದು ಕೆಟ್ಟ ದಿನ ಮುಳುಗಿಸುವುದು ಇದಕ್ಕೆ. ಎಲ್ಲರನ್ನೂ ಕೇಳಬೇಕು ಎನ್ನುವುದೂ ಇದಕ್ಕೇ: ಕೇಳದಿದ್ದರೆ ತಾವಾಗಿ ಬರೆಯುವವರು ತೀರ ಮೆಚ್ಚಿದವರು ಮತ್ತು ತೀರ ಸಿಟ್ಟಾದವರು, ಕೆಲಸ ಚೆನ್ನಾಗಿಯೇ ಆಯಿತು ಎನ್ನುವವರು ಬಾಯಿ ತೆರೆಯುವುದಿಲ್ಲ.

ಪೂರ್ತಿ 5.0 ಆಗಲೇಬೇಕೆಂಬ ಹಟ ಬೇಡ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಕೇಂದ್ರ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಕೊಳ್ಳುವ ಸಾಧ್ಯತೆ ಹೆಚ್ಚು ಕಂಡದ್ದು 4.0ರಿಂದ 4.7ರ ನಡುವೆ, 5ಕ್ಕೆ ಹತ್ತಿರವಾದಂತೆ ಅದು ಇಳಿಯಿತು. ಅದು ಅಂಗಡಿ ಸಾಮಾನುಗಳ ಕುರಿತದ್ದು, ನೀರು ಸೋರುವ ರಾತ್ರಿ ಪ್ಲಂಬರ್ ಹುಡುಕುವವರ ಕುರಿತದ್ದಲ್ಲ. ಆದರೂ ಎಲ್ಲವೂ ಐದೇ ಇದ್ದರೆ ಅನುಮಾನ ಬರುವುದು ಮನುಷ್ಯ ಸಹಜ.

ಗೂಗಲ್‌ಗೆ ದೂರು ಕೊಟ್ಟರೆ ನಿಯಮ ಮೀರಿದ ರಿವ್ಯೂಗಳನ್ನಷ್ಟೇ ತೆಗೆಯುತ್ತಾರೆ. ಕಹಿ ಎಂಬ ಕಾರಣಕ್ಕೆ ತೆಗೆಯುವುದಿಲ್ಲ. ಆಮೇಲೆ ಉಳಿಯುವುದು ಉತ್ತರ. ಸಿಟ್ಟು ಇಳಿದ ಮೇಲೆ ಬರೆಯಿರಿ, ಗ್ರಾಹಕರ ವಿಳಾಸ, ಫೋನ್, ಬಾಕಿ ಹಣದ ಮಾತು ಬೇಡ. 'ಸೋರಿಕೆ ಮತ್ತೆ ಬಂದಿರುವುದಕ್ಕೆ ವಿಷಾದವಿದೆ ಸರ್. ನಾಳೆ ಬೆಳಿಗ್ಗೆ ಬಂದು ನೋಡುತ್ತೇನೆ, ಆ ಜಾಯಿಂಟಿನ ಕೆಲಸಕ್ಕೆ ಕೂಲಿ ಇಲ್ಲ.' ಇಷ್ಟು ಸಾಕು, ಹೇಳಿದಂತೆ ಹೋಗಬೇಕು. ಉತ್ತರ ಬಂದಿದೆ ಎಂಬ ಸೂಚನೆ ಅವರಿಗೆ ಹೋಗುತ್ತದೆ, ಮನಸ್ಸು ಬದಲಾದರೆ ತಮ್ಮ ರಿವ್ಯೂವನ್ನು ಅವರೇ ತಿದ್ದಬಹುದು. ಆದರೆ ತಿದ್ದಿ ಎಂಬ ಷರತ್ತಿನ ಮೇಲೆ ರಿಪೇರಿ ಮಾಡಿಕೊಡುವುದು ಮೇಲೆ ಹೇಳಿದ ನಿಷೇಧಕ್ಕೇ ಸೇರುತ್ತದೆ.

ಆ್ಯಪ್ ಮೂಲಕ ಕೆಲಸ ಹಿಡಿಯುವವರಿಗೆ ಒಂದು ಮಾತು. ಅಲ್ಲಿ ರೇಟಿಂಗ್ ಆ್ಯಪಿನ ಸೊತ್ತು, ಅದನ್ನು ಬಿಟ್ಟ ದಿನ ನಿಮ್ಮ ಜೊತೆ ಬರುವುದಿಲ್ಲ. ಸ್ವಂತ ಗ್ರಾಹಕರಿಂದ ಸ್ವಂತ ಪ್ರೊಫೈಲಿಗೆ ರಿವ್ಯೂ ಬರುವ ದಾರಿಯನ್ನು ಮೊದಲಿನಿಂದಲೇ ಪಕ್ಕದಲ್ಲಿ ಕಟ್ಟಿಕೊಳ್ಳಿ.

ಅಭ್ಯಾಸಕ್ಕೆ ಒಂದು ಲೆಕ್ಕ

ಒಬ್ಬ ಎಲೆಕ್ಟ್ರಿಷಿಯನ್‌ಗೆ 20 ರಿವ್ಯೂ ಇದೆ, ಸರಾಸರಿ 3.8. ಇನ್ನು ಬರುವುದೆಲ್ಲ ಐದು ಸ್ಟಾರೇ ಎಂದಿಟ್ಟುಕೊಂಡರೆ 4.5 ಮುಟ್ಟಲು ಎಷ್ಟು ಬೇಕು? ಈಗಿರುವ ಒಟ್ಟು ಸ್ಟಾರ್ 76. ಹೊಸದಾಗಿ 28 ಸೇರಿದರೆ 216 ಸ್ಟಾರ್, 48 ರಿವ್ಯೂ, ಸರಾಸರಿ 4.5. ಕೇಳಿದ ಐದು ಜನರಲ್ಲಿ ಒಬ್ಬರು ಬರೆಯುತ್ತಾರೆ ಎಂದು ಊಹಿಸಿದರೆ 140 ಮನೆಗಳ ಕೆಲಸವಾಯಿತು. ತಿಂಗಳಿಗೆ 30 ಕೆಲಸ ಹಿಡಿಯುವವರಿಗೆ ಸುಮಾರು ಐದು ತಿಂಗಳು ಬೇಕು. ಐವರಲ್ಲಿ ಇಬ್ಬರು ಬರೆದರೆ ಎಷ್ಟು ತಿಂಗಳು ಎಂಬುದನ್ನು ನೀವೇ ಮಾಡಿ ನೋಡಿ.