ಡೋರ್ ಧಪ್ ಅಂದ್ರೆ ಕಾರು ಗಟ್ಟಿಯಾ? ಕ್ರ್ಯಾಶ್ ಸೇಫ್ಟಿ ಬಗ್ಗೆ ನನ್ನ ನೋಟ್ಸ್

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಸೆಕೆಂಡ್ ಹ್ಯಾಂಡ್ ಕಾರು ನೋಡ್ಲಿಕ್ಕೆ ಹೋದವ್ರು ಮೊದ್ಲು ಬಾನೆಟ್ ಮೇಲೆ ಬೆರಳು ಮಡಚಿ ಬಡೀತಾರೆ, ಆಮೇಲೆ ಡೋರ್ ಎಳ್ದು ಹಾಕ್ತಾರೆ, ಧಪ್ ಅಂದ್ರೆ "ಗಟ್ಟಿ ಉಂಟು ಮಾರಾಯ", ಟಣ್ ಅಂದ್ರೆ "ಬರೀ ತಗಡು". ಡಿಪ್ಲೊಮಾದಲ್ಲಿ ಈ ಪಾಠ ಬರುವ ತನಕ ನಾನೂ ಹಾಗೇ ನಂಬಿದ್ದೆ. ಆ ಧಪ್ ಬರೋದು ಹೆಚ್ಚಾಗಿ ರಬ್ಬರ್ ಬೀಡಿಂಗಿಂದ, ಒಳಗೆ ಸದ್ದು ಅಡಗಿಸ್ಲಿಕ್ಕೆ ಅಂಟಿಸಿದ ಡ್ಯಾಂಪಿಂಗ್ ಶೀಟಿಂದ. ಹೊರಗಿನ ಶೀಟ್ ಸಾಮಾನ್ಯವಾಗಿ 1 ಮಿ.ಮೀ.ಗಿಂತ ಕಮ್ಮಿಯೇ, ಗುದ್ದಿದಾಗ ಜೀವ ಕಾಯೋದು ಅದಲ್ಲ.

ಈಗ ಲೆಕ್ಕ. ಭಾರತ್ ಎನ್‌ಕ್ಯಾಪ್ ಅಂದ್ರೆ ಕಾರು ಗುದ್ದಿಸಿ ನೋಡಿ ಸೇಫ್ಟಿಗೆ ಸ್ಟಾರ್ ಕೊಡುವ ನಮ್ಮ ದೇಶದ ವ್ಯವಸ್ಥೆ (2023 ಅಕ್ಟೋಬರಿಂದ ಶುರು). ಅದ್ರ ಎದುರಿನ ಟೆಸ್ಟಲ್ಲಿ ಕಾರನ್ನು 64 ಕಿ.ಮೀ. ಸ್ಪೀಡಲ್ಲಿ ತಂದು ಅಡ್ಡ ಇಟ್ಟ ಬ್ಯಾರಿಯರಿಗೆ ಮುಂಭಾಗದ 40% ಮಾತ್ರ ತಾಗುವ ಹಾಗೆ ಗುದ್ದಿಸ್ತಾರೆ. 64 ಅಂದ್ರೆ ಸೆಕೆಂಡಿಗೆ 17.8 ಮೀಟರ್, ಸುಮಾರು 16 ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ ಕಾರು ಕೆಳಗೆ ಬಿದ್ದಷ್ಟೇ ಲೆಕ್ಕ. ಈ ವೇಗ 10 ಸೆಂ.ಮೀ. ಒಳಗೆ ಸೊನ್ನೆ ಆದ್ರೆ ಮೈಮೇಲೆ ಸರಾಸರಿ 160 ಜಿ, ಅಂದ್ರೆ ನಮ್ಮ ತೂಕದ 160 ಪಟ್ಟು ಬಲ, ಅದೇ ಮೂತಿ ಮಡಚಿ ನಿಲ್ಲಿಕ್ಕೆ 60 ಸೆಂ.ಮೀ. ಸಿಕ್ಕಿದ್ರೆ ಸುಮಾರು 27 ಜಿ. ಅಂದ್ರೆ ಮೂತಿ ನಜ್ಜುಗುಜ್ಜಾಗೋದು ಕಾರಿನ ದೋಷ ಅಲ್ಲ, ಅದ್ರ ಕೆಲ್ಸವೇ ಅದು.

ನಂಗೆ ಇದು ತಲೆಗೆ ಹೋದದ್ದು ತೆಂಗಿನಕಾಯಿಯಿಂದ. ಸಿಪ್ಪೆ ಇರುವ ಕಾಯಿ ಮರದಿಂದ ಮುರಕಲ್ಲಿನ ಮೇಲೆ ಬಿದ್ರೂ ಹೆಚ್ಚಾಗಿ ಒಡೆಯೋದಿಲ್ಲ, ಸುಲಿದದ್ದು ಕೈಜಾರಿದ್ರೆ ಸಾಕು ಚೂರು. ಸಿಪ್ಪೆ ಅಂದ್ರೆ ಕ್ರಂಪಲ್ ಝೋನ್ (ಗುದ್ದಿದಾಗ ಮಡಚುವ ಮೂತಿ ಭಾಗ), ಗೆರಟೆ ಅಂದ್ರೆ ನಾವು ಕೂರುವ ಕ್ಯಾಬಿನ್, ಮೊದಲನೇದು ಮಡಚ್ಬೇಕು ಎರಡನೇದು ಮಡಚ್ಲೇಬಾರ್ದು, ಎರಡೂ ಗಟ್ಟಿ ಆದ್ರೂ ಕಷ್ಟ ಎರಡೂ ಮೆತ್ತಗಾದ್ರೂ ಕಷ್ಟ. ಮರ್ಸಿಡಿಸ್‌ನ ಬೇಲಾ ಬಾರೆನ್ಯಿ ಈ ಐಡಿಯಾಕ್ಕೆ 1952ರಲ್ಲೇ ಪೇಟೆಂಟ್ ತಗೊಂಡಿದ್ರು. ಗೆರಟೆ ಭಾಗಕ್ಕೆ, ಅಂದ್ರೆ ಟಾಪನ್ನು ಹೊರುವ ಕಂಬಗಳಾದ ಪಿಲ್ಲರಿಗೆಲ್ಲ, ಈಗ ಬಿಸಿ ಮಾಡಿ ಒತ್ತಿದ ಬೋರಾನ್ ಸ್ಟೀಲ್ ಹಾಕ್ತಾರೆ, ಅದ್ರ ಬಲ ಸುಮಾರು 1500 ಮೆಗಾಪಾಸ್ಕಲ್.

"ಹಳೇ ಕಾರೇ ಗಟ್ಟಿ" ಅನ್ನುವ ಮಾವಂದಿರಿಗೆ ತೋರಿಸ್ಲಿಕ್ಕೆ ಒಂದು ಟೆಸ್ಟ್ ಉಂಟು. 2009ರಲ್ಲಿ ಅಮೆರಿಕದಲ್ಲಿ 1959ರ ಶೆವರ್ಲೆ ಬೆಲ್ ಏರ್, 2009ರ ಮಾಲಿಬು ಎರಡನ್ನೂ ಎದುರುಬದುರು ಗುದ್ದಿಸಿದ್ರು. ಹಳೇದ್ರ ಕ್ಯಾಬಿನ್ನೇ ಕುಸಿದು ಸ್ಟೀರಿಂಗ್ ಒಳಗೆ ನುಗ್ಗಿತು, ಹೊಸದ್ರಲ್ಲಿ ಡಮ್ಮಿಯ (ಡ್ರೈವರ್ ಬದ್ಲಿಗೆ ಕೂರಿಸಿದ ಗೊಂಬೆ) ಕಾಲಿಗೆ ಸ್ವಲ್ಪ ಪೆಟ್ಟು, ಅಷ್ಟೇ.

ಆದ್ರೆ ಬಾಡಿ ಒಂದೇ ಸಾಲ್ದು, ಪರೀಕ್ಷೆಗೆ ಇದನ್ನ ಬರೀಲೇಬೇಕು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆ ನಮ್ಮ ದೇಶದ ಐದು ಕಾರು ಟೆಸ್ಟ್ ಮಾಡಿದಾಗ ಏರ್‌ಬ್ಯಾಗ್ ಇಲ್ಲದ ಪೋಲೋಗೂ ಆಲ್ಟೋಗೂ ನ್ಯಾನೋಗೂ ದೊಡ್ಡವರ ವಿಭಾಗದಲ್ಲಿ ಸೊನ್ನೆ ಸ್ಟಾರೇ ಬಂತು. ಪೋಲೋದ ಬಾಡಿ ಮಾತ್ರ ಸ್ಥಿರವಾಗಿ ನಿಂತಿತ್ತು, ಹಾಗಾಗಿ ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ 4 ಸ್ಟಾರ್. ಆಲ್ಟೋ, ನ್ಯಾನೋದಲ್ಲಿ ಕ್ಯಾಬಿನ್ನೇ ಕುಸಿದ ಕಾರಣ ಏರ್‌ಬ್ಯಾಗ್ ಹಾಕಿದ್ರೂ ದೊಡ್ಡ ಪ್ರಯೋಜನ ಇರ್ಲಿಲ್ಲ. ನಂಗೆ ಇಡೀ ಚಾಪ್ಟರಲ್ಲಿ ಇದೇ ಮುಖ್ಯ ಅನ್ಸಿದ್ದು. ಬೆಲ್ಟ್ ಹಾಕದಿದ್ರೆ ಅಂತೂ ಈ ಲೆಕ್ಕ ಎಲ್ಲ ನೀರಿಗೆ.

ಇನ್ನೊಂದು, ತಲಪಾಡಿಯಿಂದ ಕಾಸರಗೋಡಿಗೆ ಬರುವಾಗ ಹೈವೇ ಬದಿಯಲ್ಲಿ ನಿಲ್ಸಿದ ಲಾರಿ ನೋಡಿದ್ದೀರಲ್ಲ, ಹಿಂದಿನ ಗಾರ್ಡ್ ಸರಿ ಇಲ್ಲದ ಲಾರಿ ಅಡಿಗೆ ಕಾರು ನುಗ್ಗಿದ್ರೆ ಕ್ರಂಪಲ್ ಝೋನ್ ಕೆಳಗೇ ಹೋಗ್ತದೆ, ಪೆಟ್ಟು ಸೀದಾ ಗ್ಲಾಸಿಗೆ, ಪಿಲ್ಲರಿಗೆ. ಸ್ಟಾರಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದ್ರೆ ಹಳೇ ಕಾರಲ್ಲಿ ನೋಡೋದು ಎಂತದು? ಬಾನೆಟ್ ಬಡೀಬೇಡಿ, ಎತ್ತಿ ನೋಡಿ. ಒಳಗಿನ ಅಂಚಲ್ಲಿ ಫ್ಯಾಕ್ಟರಿ ಸ್ಪಾಟ್ ವೆಲ್ಡಿನ ಸಣ್ಣ ಗುಂಡಿಗಳು ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಸಾಲಾಗಿ ಇರ್ತವೆ. ನಮ್ಮ ಮನೆಗೆ ತರ್ಲಿಕ್ಕಿದ್ದ ಕಾರಲ್ಲಿ ಬಲಗಡೆ ಆ ಗುಂಡಿಗಳೇ ಇರ್ಲಿಲ್ಲ, ಉದ್ದಕ್ಕೆ ವೆಲ್ಡ್ ಎಳ್ದು ಮೇಲಿಂದ ಪೈಂಟ್ ಹೊಡ್ದಿದ್ರು, ಅಂದ್ರೆ ಎಲ್ಲೋ ಗುದ್ದಿ ರಿಪೇರಿ ಆದ ಕಾರು ಅಂತ ಅನುಮಾನ ಬಂತು. ಡೋರ್ ಮಾತ್ರ ಭಾರೀ ಚಂದ ಧಪ್ ಅಂತಿತ್ತು.