80 ನಿಮಿಷವೋ, 700 ಎಂ.ಬಿ.ಯೋ? ಹಳೆಯ ಹಾಡುಗಳನ್ನು ಡಿಸ್ಕಿಗೆ ಬರೆದಿಡುವವರಿಗೊಂದು ಟಿಪ್ಪಣಿ

ತಂದೆಯವರು ಧಾರವಾಡ ಆಕಾಶವಾಣಿಯ ಪ್ರಸಾರದಿಂದಲೂ ಊರಿನ ಬೈಠಕ್‌ಗಳಲ್ಲಿಯೂ ಧ್ವನಿಮುದ್ರಿಸಿಕೊಂಡಿದ್ದ 38 ಕ್ಯಾಸೆಟ್‌ಗಳನ್ನು ಈಚೆಗೆ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಅವುಗಳಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಅವರ ಗಾಯನವಿದೆ. ಇಲ್ಲಿನ ಮಳೆಗಾಲದ ಥಂಡಿಗೆ ಕೆಲವು ಟೇಪುಗಳಿಗೆ ಬೂಷ್ಟು ಹಿಡಿದಿದೆ. ಅವು ಇನ್ನೊಮ್ಮೆ ನುಡಿದಾವೆಂಬ ಭರವಸೆ ನನಗಿಲ್ಲ. ಹಾರ್ಡ್ ಡಿಸ್ಕ್ ಒಂದನ್ನೇ ನಂಬಿ ಕೂರುವಂತಿಲ್ಲವಾದ್ದರಿಂದ ಸಿ.ಡಿ., ಡಿ.ವಿ.ಡಿ.ಗಳಲ್ಲಿ ಬೇರೆ ಪ್ರತಿ ಮಾಡಿಡಲು ಹೊರಟೆ. ಕ್ಯಾಸೆಟ್ ಇಳಿಸುವ ಕ್ರಮ ಕಷ್ಟದ್ದಲ್ಲ; ಅದನ್ನು ಇಲ್ಲಿ ವಿವರಿಸುವುದಿಲ್ಲ.

ಆಡಿಯೋ ಡಿಸ್ಕೋ, ಡೇಟಾ ಡಿಸ್ಕೋ

ಖಾಲಿ ಸಿ.ಡಿ. ಹಾಕಿದೊಡನೆ ಬರ್ನ್ ಮಾಡುವ ಸಾಫ್ಟ್‌ವೇರ್ ಆಡಿಯೋ ಬೇಕೋ, ಡೇಟಾ ಬೇಕೋ ಎಂದು ಕೇಳುತ್ತದೆ. ಇರುವುದು ಹಾಡುಗಳೇ ಆದ್ದರಿಂದ ನಾನು ಆಡಿಯೋ ಎಂದು ಒತ್ತಿದೆ. ಮರುದಿನ ಡಿಸ್ಕನ್ನು ತೆರೆದು ನೋಡಿದರೆ, ರಾಗದ ಹೆಸರು, ಗಾಯಕರ ಹೆಸರು ಹಾಕಿ ನಾನು ಉಳಿಸಿದ್ದ ಫೈಲುಗಳು ಕಾಣಲಿಲ್ಲ. ಟ್ರ್ಯಾಕ್01, ಟ್ರ್ಯಾಕ್02 ಎಂಬ ಸಾಲು ಮಾತ್ರ ಇತ್ತು, ಪ್ರತಿಯೊಂದರ ಗಾತ್ರವೂ 1 ಕೆ.ಬಿ. ಅರ್ಧ ತಾಸಿನ ಖ್ಯಾಲು 1 ಕೆ.ಬಿ.ಯಲ್ಲಿ ಹಿಡಿಸುವುದು ಸಾಧ್ಯವೇ ಇಲ್ಲ. ಹಾಡು ಡಿಸ್ಕಿನ ಯಾವ ಜಾಗದಲ್ಲಿ ಆರಂಭವಾಗುತ್ತದೆ ಎಂದು ತಿಳಿಸಲು ವಿಂಡೋಸ್ ತೋರಿಸುವ 44 ಬೈಟ್‌ಗಳ ಗುರುತುಗಳು ಅವು. ಅವನ್ನು ಕಾಪಿ ಮಾಡಿಕೊಂಡರೆ ಗುರುತು ಬರುತ್ತದೆಯೇ ಹೊರತು ಹಾಡು ಬರುವುದಿಲ್ಲ.

ಇದರ ಕಾರಣ ಹುಡುಕುತ್ತ ಹೋದಾಗ ಒಂದು ಲೆಕ್ಕದಲ್ಲಿ ಎರಡು ದಿನ ಸಿಕ್ಕಿಕೊಂಡೆ. ಅದನ್ನು ಬಿಡಿಸಿಯೇ ಬರೆಯುತ್ತೇನೆ. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಮಾದರಿಗಳು (ಆಯಾ ಕ್ಷಣದ ಧ್ವನಿಯನ್ನು ಅಳೆದ ಸಂಖ್ಯೆಗಳು), ಪ್ರತಿ ಮಾದರಿಗೆ 2 ಬೈಟ್, ಎಡ ಬಲ ಸೇರಿ 2 ಚಾನೆಲ್. ಗುಣಿಸಿದರೆ 1,76,400 ಬೈಟ್. 80 ನಿಮಿಷಕ್ಕೆ, ಅಂದರೆ 4,800 ಸೆಕೆಂಡಿಗೆ, 84,67,20,000 ಬೈಟ್, ಸುಮಾರು 807 ಎಂ.ಬಿ. ಆಗುತ್ತದೆ. ಆದರೆ ಡಿಸ್ಕಿನ ಮೇಲೆ ‘80 ನಿಮಿಷ, 700 ಎಂ.ಬಿ.’ ಎಂದು ಎರಡನ್ನೂ ಅಕ್ಕಪಕ್ಕದಲ್ಲಿಯೇ ಅಚ್ಚು ಹಾಕಿರುತ್ತಾರೆ. ಹಾಗಾದರೆ ನೂರಕ್ಕೂ ಹೆಚ್ಚು ಎಂ.ಬಿ. ಎಲ್ಲಿ ಹೋಯಿತು?

ಉತ್ತರವಿರುವುದು ಸೆಕ್ಟರಿನಲ್ಲಿ. ಧ್ವನಿಯ ಪ್ರತಿ ಸೆಕೆಂಡನ್ನು ಸಿ.ಡಿ. 75 ಸೆಕ್ಟರ್‌ಗಳಾಗಿ ಒಡೆಯುತ್ತದೆ, ಒಂದೊಂದರಲ್ಲಿ 2,352 ಬೈಟ್. 75ರಿಂದ ಗುಣಿಸಿ ನೋಡಿದರೆ ಅದೇ 1,76,400 ಬರುತ್ತದೆ. ಆಡಿಯೋ ಎಂದು ಬರೆದರೆ ಅಷ್ಟೂ ಬೈಟ್ ಹಾಡಿಗೇ ಸಲ್ಲುತ್ತದೆ. ಡೇಟಾ ಎಂದು ಬರೆದರೆ ನಮ್ಮ ಫೈಲಿಗೆ ಸಿಗುವುದು 2,048 ಬೈಟ್ ಮಾತ್ರ. ಉಳಿದ 304ರಲ್ಲಿ 276 ಬೈಟ್‌ಗಳು ದೋಷ ತಿದ್ದುವುದಕ್ಕೆಂದೇ ಮೀಸಲು. 80 ನಿಮಿಷದ ಡಿಸ್ಕಿನಲ್ಲಿ 3,60,000 ಸೆಕ್ಟರ್‌ಗಳಿರುವುದರಿಂದ, 2,048ರಿಂದ ಗುಣಿಸಿದರೆ ಸಿಗುವುದು 703 ಎಂ.ಬಿ. ಡಿಸ್ಕಿನ ಮೇಲಿನ ಎರಡೂ ಸಂಖ್ಯೆಗಳು ಸರಿಯಾದವೇ.

ಕಾಣದ ಆ ನೂರು ಎಂ.ಬಿ.ಯೇ ನಮಗೆ ಬೇಕಾದದ್ದು. ಆಡಿಯೋ ಡಿಸ್ಕಿನಲ್ಲಿ ಗೀರು ಬಿದ್ದು, ಎಲ್ಲ ಸಿ.ಡಿ.ಗಳಲ್ಲಿಯೂ ಇರುವ ಮೂಲ ದೋಷ ತಿದ್ದುಪಡಿಗೂ ಮೀರಿದ ಜಾಗದಲ್ಲಿ ಪ್ಲೇಯರ್ ಹಿಂದು ಮುಂದಿನ ಮಾದರಿಗಳನ್ನು ನೋಡಿ ನಡುವಿನದನ್ನು ಅಂದಾಜಿನಿಂದ ತುಂಬಿಬಿಡುತ್ತದೆ. ಕಿವಿಗೆ ಅದು ಗೊತ್ತಾಗದೆ ಇರಬಹುದು, ಆದರೆ ಅಲ್ಲಿರುವುದು ಮೂಲ ಸ್ವರವಲ್ಲ. ಡೇಟಾ ಡಿಸ್ಕು ಹಾಗೆ ಅಂದಾಜು ಮಾಡುವುದಿಲ್ಲ; ಮೀಸಲು ಬೈಟ್‌ಗಳಿಂದ ತಿದ್ದಿಕೊಡುತ್ತದೆ, ಆಗದಿದ್ದರೆ ಓದಲಾಗಲಿಲ್ಲವೆಂದು ಹೇಳುತ್ತದೆ. ಕಾಪಿಡುವ ಪ್ರತಿಯನ್ನು ಡೇಟಾ ಎಂದೇ ಬರೆಯಬೇಕು. ಹೆಸರುಗಳೂ ಫೋಲ್ಡರ್‌ಗಳೂ ಆಗ ಹಾಗೆಯೇ ಉಳಿಯುತ್ತವೆ.

ಡಿ.ವಿ.ಡಿ.ಯ 4.7

90 ನಿಮಿಷದ ಒಂದು ಕ್ಯಾಸೆಟ್, ಗಾತ್ರ ಇಳಿಸದ ವೇವ್ ಫೈಲಾಗಿ, 95,25,60,000 ಬೈಟ್ ಆಗುತ್ತದೆ. ಅಂಥ ಐದನ್ನು ಆಯ್ಕೆ ಮಾಡಿದರೆ ಕಂಪ್ಯೂಟರ್ 4.43 ಜಿ.ಬಿ. ಎನ್ನುತ್ತದೆ, ಡಿಸ್ಕಿನ ಮೇಲೆ 4.7 ಎಂದಿದೆ, ಆದರೂ ಹಿಡಿಸುವುದಿಲ್ಲ. ಡಿಸ್ಕ್ ತಯಾರಕರ 4.7 ಎಂದರೆ 470 ಕೋಟಿ ಬೈಟ್. ವಿಂಡೋಸ್ ಒಂದು ಜಿ.ಬಿ.ಗೆ ಸುಮಾರು 107 ಕೋಟಿ ಬೈಟ್ ಎಣಿಸುವುದರಿಂದ ಅದೇ ಜಾಗ 4.38 ಎಂದು ಕಾಣುತ್ತದೆ. ನಾಲ್ಕು ಕ್ಯಾಸೆಟ್‌ಗಳಿಗೆ ನಿಲ್ಲಿಸಬೇಕು, ಇಲ್ಲವೇ ಫ್ಲ್ಯಾಕ್ ಮಾಡಿಕೊಳ್ಳಬೇಕು. ಫ್ಲ್ಯಾಕ್ ಒಂದು ಬಿಟ್ಟನ್ನೂ ಕಳೆಯದೆ ಗಾತ್ರ ಇಳಿಸುತ್ತದೆ. ಟೇಪಿನ ‘ಸುಂಯ್’ ಸದ್ದು ಹೆಚ್ಚಿದ್ದರೆ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಎಂ.ಪಿ.3 ಕೇಳಲಿಕ್ಕೆ ಸಾಕು, ಕಾಪಿಡಲಿಕ್ಕೆ ಬೇಡ.

ಬರೆದ ಮೇಲೆ

ಪ್ರತಿ ಫೋಲ್ಡರಿಗೂ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ, ಫೈಲು ಬದಲಾದರೆ ತಾನೂ ಬದಲಾಗುವ ಗುರುತುಸಂಖ್ಯೆ) ಪಟ್ಟಿಯನ್ನು ಮೊದಲೇ ಮಾಡಿ ಡಿಸ್ಕಿನಲ್ಲಿಯೇ ಸೇರಿಸುತ್ತೇನೆ. ಬರೆದಾದ ಮೇಲೆ ಬೇರೊಂದು ಕಂಪ್ಯೂಟರಿನ ಡ್ರೈವ್‌ನಲ್ಲಿ ಡಿಸ್ಕನ್ನು ಓದಿಸಿ ಆ ಪಟ್ಟಿಯೊಡನೆ ಹೋಲಿಸುತ್ತೇನೆ.

ಸಿ.ಡಿ.ಯ ಹೊಳೆಯುವ ಕೆಳಮುಖವನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಆದರೆ ನಾಜೂಕಾದದ್ದು ಮೇಲ್ಮುಖ. ಹಾಡು ದಾಖಲಾಗಿರುವ ಬಣ್ಣದ ಪದರವೂ ಪ್ರತಿಫಲಿಸುವ ಲೋಹದ ಪದರವೂ ಅಲ್ಲಿ ತೆಳುವಾದ ಮೆರುಗೆಣ್ಣೆಯ ಅಡಿಯಲ್ಲಿಯೇ ಇರುತ್ತವೆ. ನಾನು ಬಾಲ್‌ಪೆನ್ನಿನಿಂದ ರಾಗದ ಹೆಸರು ಬರೆದಿದ್ದ ಒಂದು ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಾಗ, ‘ಭೈರವ’ ಎಂಬ ಅಕ್ಷರಗಳ ಗುಂಟ ಬೆಳಕು ಸಣ್ಣಗೆ ತೂರಿ ಬಂತು. ಈಗ ಮೆತ್ತನೆಯ ತುದಿಯ ಮಾರ್ಕರ್‌ನಿಂದ, ನಡುವಿನ ಪಾರದರ್ಶಕ ಬಳೆಯ ಮೇಲೆ, ಕ್ರಮಸಂಖ್ಯೆಯನ್ನಷ್ಟೇ ಬರೆಯುತ್ತೇನೆ. ವಿವರವೆಲ್ಲ ಡಬ್ಬಿಯೊಳಗಿನ ಚೀಟಿಯಲ್ಲಿರುತ್ತದೆ. ಡಬ್ಬಿಗಳನ್ನು ಬಿಸಿಲು ತಾಕದ ಕಪಾಟಿನಲ್ಲಿ ನಿಲ್ಲಿಸಿ ಇಟ್ಟಿದ್ದೇನೆ, ಎರಡನೆಯ ಪ್ರತಿಗಳು ಗದಗಿನಲ್ಲಿ ಅಕ್ಕನ ಮನೆಯಲ್ಲಿವೆ.