ಪೊರೆ ಕಾಯುತ್ತದೆ, ರೆಟಿನಾ ಕಾಯುವುದಿಲ್ಲ

ದೊಡ್ಡಪ್ಪನ ಎಡಗಣ್ಣಲ್ಲಿ ಮೊದಲು ಮಿಂಚು ಹೊಡೆದ ಹಾಗಾಯಿತು. ಆಮೇಲೆ ಕಪ್ಪು ನುಸಿ ಹಾರಾಡಿದವು. ನಾಲ್ಕೇ ದಿನಕ್ಕೆ ಮೂಲೆಯಿಂದ ಕತ್ತಲೆಯ ಪರದೆ ಇಳಿಯತೊಡಗಿತು. ನೋವೇನೂ ಇರಲಿಲ್ಲ. "ಪೊರೆ ಬಂದಿರಬೇಕು, ಅಡಿಕೆ ಕೊಯ್ಲು ಮುಗಿಯಲಿ" ಅಂದರು ಮನೆಯವರು. ಕೊಯ್ಲು ಮುಗಿಯಲು ಎರಡು ತಿಂಗಳು ಹಿಡಿಯಿತು. ಆದರೆ ಅದು ಪೊರೆಯಲ್ಲ, ಕಣ್ಣಿನ ಹಿಂದಿನ ರೆಟಿನಾ ಕಿತ್ತು ಎದ್ದಿತ್ತು.

ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಿಬಿರಗಳಲ್ಲಿ ಪೊರೆ ತೆಗೆದ ನಾಡು ನಮ್ಮದು. ಹಾಗಾಗಿ ಕಣ್ಣು ಮಂಜಾದರೆ ಪೊರೆ, ಪೊರೆಯಾದರೆ ಆಮೇಲೆ ನೋಡೋಣ ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಇನ್ನು ಕೆಲವರು ಸೊಪ್ಪಿನ ರಸ, ಎದೆಹಾಲು ಬಿಟ್ಟು ದಿನ ಕಳೆಯುತ್ತಾರೆ. ದಯವಿಟ್ಟು ಬೇಡ.

ರೆಟಿನಾ ಅಂದರೆ ಕಣ್ಣಿನ ಹಿಂಗೋಡೆಗೆ ಅಂಟಿದ ತೆಳು ಪದರ. ಅದರಲ್ಲಿ ತೂತು ಬಿದ್ದರೆ ಒಳಗಿನ ನೀರು ಹಿಂದೆ ನುಗ್ಗುತ್ತದೆ, ಮಳೆಗಾಲದಲ್ಲಿ ಗೋಡೆಯ ಸುಣ್ಣ ಹಪ್ಪಳ ಎದ್ದ ಹಾಗೆ ಪದರ ಏಳುತ್ತದೆ. ಬೆಳಕು ಹಿಡಿಯುವ ಕೋಶಗಳಿಗೆ ಉಸಿರು, ಊಟ ಬರುವುದು ಆ ಹಿಂಗೋಡೆಯ ರಕ್ತನಾಳಗಳಿಂದಲೇ. ಮಡಿಯಿಂದ ಕಿತ್ತ ಭತ್ತದ ಸಸಿ ನೋಡಿದ್ದೀರಲ್ವಾ? ಬೇಗ ನೆಟ್ಟರೆ ಚಿಗುರುತ್ತದೆ, ವಾರ ಬಿಟ್ಟು ನೆಟ್ಟರೆ ನಿಂತಿದ್ದರೂ ಸೊರಗಿರುತ್ತದೆ. ರೆಟಿನಾದ ನಟ್ಟನಡುವೆ ನೇರ, ಸ್ಪಷ್ಟ ನೋಟ ಕೊಡುವ ಭಾಗವೇ ಮ್ಯಾಕುಲಾ. ಅದು ಏಳುವ ಮೊದಲೇ ಆಪರೇಷನ್ ಆದರೆ ನೋಟ ಬಹುಪಾಲು ಉಳಿಯುತ್ತದೆ. ಅದು ಎದ್ದು ದಿನ ಕಳೆದಷ್ಟೂ ಮರಳಿ ಸಿಗುವ ನೋಟ ಕಡಿಮೆ. ತಿಂಗಳುಗಟ್ಟಲೆ ಬಿಟ್ಟರಂತೂ ಮೇಲೆ ಗಾಯದ ಕಲೆಯಂಥ ತೆಳು ಪದರ ಬೆಳೆದು, ರೆಟಿನಾ ಬಾಡಿದ ಬಾಳೆಎಲೆಯಂತೆ ಮುದುರುತ್ತದೆ.

ತೂತೇ ಮೂಲ, ಅದನ್ನು ಮುಚ್ಚಬೇಕು ಅಂತ ಹಟ ಹಿಡಿದವನು ಸ್ವಿಟ್ಜರ್‌ಲೆಂಡಿನ ಲೊಸಾನ್ ಊರಿನ ವೈದ್ಯ ಜೂಲ್ ಗೊನಾಂ. ಅದಕ್ಕೂ ಮೊದಲು ರೋಗಿಯನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು, ಹೆಚ್ಚಿನವರು ಕುರುಡರಾಗುತ್ತಿದ್ದರು. ಗೊನಾಂ 1920ರ ದಶಕದಲ್ಲಿ ತೂತನ್ನು ಸುಟ್ಟು ಮುಚ್ಚಿ ತೋರಿಸಿದ. 1970ರ ಹೊತ್ತಿಗೆ ಕಣ್ಣಿನ ವೈದ್ಯ ರಾಬರ್ಟ್ ಮಾಕೆಮರ್, ರೆಟಿನಾವನ್ನು ಎಳೆಯುವ ಕಣ್ಣೊಳಗಿನ ಜೆಲ್ಲಿಯನ್ನೇ ಕತ್ತರಿಸಿ ತೆಗೆಯುವ ದಾರಿ ಕಂಡುಕೊಂಡ. ಇವತ್ತು ಚೆನ್ನೈ, ಮಧುರೈ, ಹೈದರಾಬಾದ್, ಬೆಂಗಳೂರಲ್ಲೂ ಅದೇ ಸರ್ಜರಿ ನಡೆಯುತ್ತದೆ. ಕೈಚಳಕದಲ್ಲಿ ನಮ್ಮ ಡಾಕ್ಟರುಗಳು ಯಾರಿಗೂ ಕಮ್ಮಿಯಿಲ್ಲ. ಆದರೂ ಭಾರತ, ನೇಪಾಳ, ಆಫ್ರಿಕಾದ ದೇಶಗಳಲ್ಲಿ ನೋಟ ಅಷ್ಟಾಗಿ ಮರಳದಿರಲು ದೊಡ್ಡ ಕಾರಣ, ರೋಗಿ ಬರುವ ಹೊತ್ತಿಗೆ ಮ್ಯಾಕುಲಾ ಎದ್ದಿರುತ್ತದೆ. ರೆಟಿನಾ ಡಾಕ್ಟರು ದೊಡ್ಡ ಊರಲ್ಲಿ, ರೋಗಿ ಹಳ್ಳಿಯಲ್ಲಿ, ನಡುವೆ ಬಸ್ಸು, ದುಡ್ಡು, ಕೊಯ್ಲು.

ದೊಡ್ಡಪ್ಪನ ಕಣ್ಣಿಗೆ ಗ್ಯಾಸ್ ತುಂಬಿದರು. ಗುಳ್ಳೆ ಮೇಲಕ್ಕೇರಿ ರೆಟಿನಾವನ್ನು ಒತ್ತಿ ಹಿಡಿಯಲಿ ಅಂತ ಹತ್ತು ದಿನ ಬೋರಲು ಮಲಗಿದರು, ಊಟವೂ ತಲೆ ತಗ್ಗಿಸಿಯೇ. ರೆಟಿನಾ ಅಂಟಿತು, ಆಪರೇಷನ್ ಸಕ್ಸಸ್. ಆದರೆ ಆ ಕಣ್ಣಿಗೆ ಇವತ್ತಿಗೂ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ.

ಹೋದ ತಿಂಗಳು ಚಿಕ್ಕಪ್ಪ "ಕಣ್ಣಲ್ಲಿ ಮಿಂಚು ಬಂತು" ಅಂದಾಗ ದೊಡ್ಡಪ್ಪ ಅವರನ್ನು ಕಾಫಿ ಕುಡಿಯಲೂ ಬಿಡದೆ ಬಸ್ ಹತ್ತಿಸಿದರು. ಬರೀ ತೂತು ಬಿದ್ದಿತ್ತು. ಸುತ್ತ ಲೇಸರ್ ಹಾಕಿ ಅದೇ ಸಂಜೆ ಮನೆಗೆ ಕಳಿಸಿದರು.